ಶೆಫೀಲ್ಡಿಗೆ ಹೋಗಿಬಂದ ತಾಮ್ರದ ತಾಟು

ಸವಣೂರು: ಹೊರಡುವ ಮುನ್ನ

ಪರದೇಶಕ್ಕೆ ಹೊರಟವನಿಗೆ ಮನೆಯವರು ಏನಾದರೂ ತರಲು ಹೇಳುತ್ತಾರೆ. ಸೆಂಟು, ಚಾಕಲೇಟು, ಇಲ್ಲವೇ ಬೆಚ್ಚನೆಯ ಕೋಟು. ನಮ್ಮ ಅಬ್ಬಾ ಏನನ್ನೂ ತರಲು ಹೇಳಲಿಲ್ಲ. ಒಯ್ಯಲು ಕೊಟ್ಟರು. ಕೊಟ್ಟದ್ದು ತಾವು ದಿನಾ ಉಣ್ಣುವ ತಾಮ್ರದ ತಾಟು.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನನ್ನ ಹೆಸರು ಖಾಜಾ. ಸವಣೂರಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಅಬ್ಬಾ ಕಲಾಯಿ ಮಾಡುತ್ತಿದ್ದವರು. ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ಹೊಟ್ಟೆ ಕೆಡುತ್ತದೆ. ಅದಕ್ಕೇ ಪಾತ್ರೆಯ ಒಳಮೈಗೆ ತವರದ ತೆಳ್ಳನೆ ಲೇಪ ಕೊಡಬೇಕು. ಮೊದಲು ಪಾತ್ರೆಯನ್ನು ಹಳೆಯ ಲೇಪವೆಲ್ಲ ಹೋಗುವಂತೆ ತಿಕ್ಕಿ ಕೆಂಪಗೆ ಮಾಡಬೇಕು. ಆಮೇಲೆ ಇದ್ದಿಲ ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹೊಗೆ ಏಳುತ್ತಿರುವಾಗಲೇ ಅರಳೆಯಿಂದ ಸರ್ರನೆ ಸವರಬೇಕು. ಅಬ್ಬಾ ಸವರಿದರೆ ಪಾತ್ರೆಯ ಒಳಗೆ ಬೆಳದಿಂಗಳು ಬಿದ್ದಂತೆ ಕಾಣುತ್ತಿತ್ತು. ಬಂಕಾಪುರ, ಶಿಗ್ಗಾಂವ, ಹಾನಗಲ್ಲ, ಎಲ್ಲ ಕಡೆಯ ಮನೆಗಳ ಹಂಡೆ ಕೊಳಗಗಳು ಅವರ ಕೈಗೇ ಬರುತ್ತಿದ್ದವು. ಆಚಾರ್ಯರ ಓಣಿಯಲ್ಲಿ ಅವರು ಅಂಗಳ ದಾಟಿ ಒಳಗೆ ಹೋದವರಲ್ಲ. ಆದರೆ ಅವರು ಕಲಾಯಿ ಮಾಡಿದ ಪಾತ್ರೆ ಹುಣಸೆಹುಳಿಯಲ್ಲಿ ಮಿಂದು ಸೀದಾ ಅಡಿಗೆಮನೆಗೆ ಹೋಗುತ್ತಿತ್ತು.

ಈ ಕಸುಬಿನ ಗುಟ್ಟು ಇಷ್ಟೆ. ಲೇಪ ಸವೆಯುತ್ತದೆ, ಸವೆದಾಗ ಕಲಾಯಿಯವನನ್ನು ಮತ್ತೆ ಕರೆಯುತ್ತಾರೆ. ಹಾಗಿರುವಾಗ ಸವೆಯದ, ಕಿಲುಬದ, ಯಾರನ್ನೂ ಮತ್ತೆ ಕರೆಯದ ಸ್ಟೇನ್‌ಲೆಸ್ ಸ್ಟೀಲು ಬಂತು. ಅಬ್ಬಾನ ಒಲೆ ಆರಿತು.

ಚಿಕ್ಕಂದಿನಲ್ಲಿ ಹಂಡೆಯೊಳಗೆ ನಿಂತು, ಉಸುಕಿನ ಮೇಲೆ ಕಾಲಿಟ್ಟು, ಸೊಂಟ ತಿರುವಿ ತಿರುವಿ ಪಾತ್ರೆ ತಿಕ್ಕುವುದು ನನ್ನ ಕೆಲಸವಾಗಿತ್ತು. ಓಣಿಯ ಹುಡುಗಿಯರು ನೋಡಿ ನಗುತ್ತಿದ್ದರು. ಮೀಸೆ ಮೂಡುವ ಹೊತ್ತಿಗೆ ಇನ್ನು ಆಗದು ಎಂದುಬಿಟ್ಟೆ. ಮುಂದೆ ನಾನು ತೆರೆದ ಅಂಗಡಿ ಯಾವುದೆಂದು ಆಗಲೇ ಹೇಳಿದ್ದೇನೆ. ಉದ್ಘಾಟನೆಯ ದಿನ ಅಬ್ಬಾ ಬಾಗಿಲಲ್ಲೇ ನಿಂತು ಒಳಗೆ ನೋಡಿದರು. "ಚಲೋ ಹೊಳೀತಾವ" ಎಂದು ಹೇಳಿ ಹೊರಟುಹೋದರು. ಅಂದಿನಿಂದ ಮೂವತ್ತು ವರ್ಷ ನನ್ನ ಮನೆಯ ಸ್ಟೀಲ್ ಲೋಟದಲ್ಲಿ ಒಂದು ಗುಟುಕು ನೀರು ಕುಡಿದವರಲ್ಲ. ಊರಲ್ಲಿ ಸ್ಟೀಲನ್ನು ಮುಟ್ಟದವರು ಇಬ್ಬರೇ ಉಳಿದಿದ್ದರು. ಒಬ್ಬರು ಆಚಾರ್ಯರ ತಾಯಿ, ಅದು ದೇವರಿಗೆ ಆಗದು ಎಂದು. ಇನ್ನೊಬ್ಬರು ಅಬ್ಬಾ, ಅದು ತಮಗೆ ಆಗದು ಎಂದು.

ಈಗ ಅಬ್ಬಾನ ಕೈಗಳು ನಡುಗುತ್ತವೆ. ಕಲಾಯಿ ಮಾಡುವ ಇನ್ನೊಬ್ಬ ನಮ್ಮ ಕಡೆ ಇಲ್ಲ. ತಾಟಿನ ಲೇಪ ಸವೆದು, ಬೂದು ಬಣ್ಣದ ನಡುವೆ ಅಲ್ಲಲ್ಲಿ ಕೆಂಪು ಇಣುಕಿತು. ಅಬ್ಬಾನ ಹೊಟ್ಟೆ ಪದೇಪದೇ ಕೆಡತೊಡಗಿತು. ಡಾಕ್ಟರು ತಾಟನ್ನು ನೋಡಿ, ಇದರಲ್ಲಿ ಉಣ್ಣುವುದನ್ನು ಬಿಡದಿದ್ದರೆ ಔಷಧ ಬರೆಯುವುದೂ ದಂಡ ಎಂದರು. ಅಬ್ಬಾ ಬಿಡಲಿಲ್ಲ. ಪಿಂಗಾಣಿ ತಂದರೆ ಒಡೆಯುತ್ತದೆ ಎಂದರು, ಎಲೆ ಹಾಕಿದರೆ ನಾನೇನು ಮದುವೆಗೆ ಬಂದೇನೇನು ಎಂದರು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಅಷ್ಟರಲ್ಲಿ ಪಾತ್ರೆ ಕಂಪನಿಯವರು, ಚೆನ್ನಾಗಿ ಮಾರಿದ ಅಂಗಡಿಯವರನ್ನು ಇಂಗ್ಲೆಂಡಿಗೆ ಕರೆದೊಯ್ಯುತ್ತೇವೆಂದು ಪತ್ರ ಕಳಿಸಿದರು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸ್ಟೀಲು ಹುಟ್ಟಿದ ಊರು ಶೆಫೀಲ್ಡ್ ಆ ದೇಶದಲ್ಲೇ ಇದೆ ಎಂದು ಯಾರೋ ಅಬ್ಬಾನ ಕಿವಿಗೆ ಹಾಕಿದರು. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾ ಕರಾರು ಮಾಡುವುದು, ಬೈಯುವುದು ಎರಡೂ ಕನ್ನಡದಲ್ಲಿ.

"ಆ ಊರಿಗೆ ಹೋಗು. ಈ ತಾಟು ಒಯ್ದು ತೋರಿಸು. ತಾವು ಏನು ಮುಗಿಸ್ಯಾರ ಅನ್ನೂದು ಅವರೂ ಒಮ್ಮೆ ನೋಡ್ಲಿ."

"ಮತ್ತ ನೀವು ಅಲ್ಲೀತನಾ ಯಾತರಾಗ ಉಣ್ತೀರಿ?"

"ಎಲಿ ಮ್ಯಾಲ ಉಣ್ತೇನಿ. ಇನ್ನೊಂದು ಮಾತು ಕೇಳು. ಸ್ಟೀಲ್ ಮಾಡಿದಾಂವ ಎಂಥಾ ಮನಷ್ಯಾ ಇದ್ದ ಅಂತ ತಿಳಕೊಂಡು ಬಾ. ಚಲೋ ಮನಷ್ಯಾ ಇದ್ದರ ಅವನ ತಾಟಿನಾಗ ಉಣ್ತೇನಿ. ಇಲ್ಲಂದ್ರ ಇಲ್ಲ."

ಒಬ್ಬ ಮನುಷ್ಯನ ಗುಣ ವಿಚಾರಿಸಲು ಏಳು ಸಮುದ್ರ ದಾಟುವುದು ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಇಲ್ಲ. ಆದರೂ ಮೂವತ್ತು ವರ್ಷದಲ್ಲಿ ಅಬ್ಬಾ ಇಟ್ಟ ಮೊದಲ ಷರತ್ತು ಅದು. ತಾಟನ್ನು ಲುಂಗಿಯಲ್ಲಿ ಸುತ್ತಿಕೊಂಡೆ.

ತಡಸ ದಾಟಿ ಲಂಡನ್ನಿಗೆ

ಕಂಪನಿಯ ಬಸ್ಸು ಹಿರೇಕೆರೂರಿನಿಂದ ಹೊರಟು, ಹಾನಗಲ್ಲಿನವರನ್ನು ಹತ್ತಿಸಿಕೊಂಡು ಶಿಗ್ಗಾಂವಕ್ಕೆ ಬಂತು. ಅಲ್ಲಿ ನಾನು ಹತ್ತಿದೆ. ಕಿಟಕಿ ಪಕ್ಕದ ಸೀಟು ಹಿಡಿದು ನನಗಾಗಿ ಟವೆಲ್ ಹಾಸಿದ್ದವರು ಹಿರೇಕೆರೂರಿನ ಬಸಣ್ಣೆಪ್ಪ. ನನ್ನ ಹಾಗೆ ಪಾತ್ರೆ ಅಂಗಡಿಯವರು, ಇಪ್ಪತ್ತು ವರ್ಷದ ಸ್ನೇಹಿತರು. ಅವರ ಅಂಗಿಯ ಜೇಬಿನಲ್ಲಿ ಒಂದು ಅಯಸ್ಕಾಂತ ಯಾವಾಗಲೂ ಇರುತ್ತದೆ. ಅದು ಅಂಟಿದರೆ ಸ್ಟೀಲು ನಕಲಿ, ಅಂಟದಿದ್ದರೆ ಅಸಲಿ. ನಮ್ಮ ಕಡೆ ಗಿರಾಕಿಗಳೂ ಹೀಗೇ ಪರೀಕ್ಷೆ ಮಾಡುತ್ತಾರೆ.

ತಡಸದಲ್ಲಿ ಚಹಾಕ್ಕೆ ಇಳಿದಾಗ ತಾಟಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಹಿರ್‍ಯಾರ ಮಾತು ಐತಿ. ನಾನೂ ಬರ್ತೇನಿ ನಡೀರಿ" ಎಂದರು. ಹುಬ್ಬಳ್ಳಿಯಲ್ಲಿ ವಿಮಾನ ಹತ್ತುವಾಗ ತಪಾಸಣೆಯವನು ನನ್ನ ಚೀಲ ಬಿಚ್ಚಿಸಿ, ತಾಟು ಹಿಡಿದು ತಿರುಗಿಸಿ ನೋಡಿದ. ವಿಮಾನದಲ್ಲಿ ಊಟ ಕೊಡುತ್ತಾರೆ ಎಂದು ಸಮಾಧಾನ ಹೇಳಿ ಕಳಿಸಿದ.

ಲಂಡನ್ನಿನ ಬಗ್ಗೆ ಬರೆಯಲು ನನ್ನಿಂದ ಆಗದು. ಪಾತ್ರೆ ಅಂಗಡಿಯವರನ್ನು ಇಪ್ಪತ್ತು ಜನ ಒಟ್ಟಿಗೆ ಕರೆದೊಯ್ದರೆ ಅವರು ಅರಮನೆ ನೋಡುವುದಿಲ್ಲ, ಚಮಚ ನೋಡುತ್ತಾರೆ. ಹೋಟೆಲಿನಲ್ಲಿ ಬೆಳಗಿನ ನಾಷ್ಟಾಕ್ಕೆ ಕುಳಿತ ಕೂಡಲೇ ಇಪ್ಪತ್ತು ಚಮಚಗಳು ತಿರುಗಿದವು. ಎಲ್ಲರೂ ಹಿಂಬದಿಯ ಮುದ್ರೆ ಓದಿದರು. ಭಾರತದಲ್ಲಿ ಮಾಡಿದ್ದು! ಹಾನಗಲ್ಲಿನ ಒಬ್ಬರಂತೂ ಆ ಮಾಲನ್ನೇ ತಾವು ಮಾರುವುದಾಗಿ ಹೇಳಿ, ಬಡಿಸುವವಳ ಕೈ ಕುಲುಕಿದರು. ಆಕೆ ಹೆದರಿ ಇನ್ನಷ್ಟು ಬ್ರೆಡ್ಡು ತಂದಿಟ್ಟಳು.

ರೈಲಿನಲ್ಲಿ

ಮೂರನೆಯ ದಿನ ಉಳಿದವರೆಲ್ಲ ಬಜಾರಕ್ಕೆ ಹೋದರು. ಬಸಣ್ಣೆಪ್ಪ ಮತ್ತು ನಾನು ಅನುಮತಿ ಕೇಳಿಕೊಂಡು ಶೆಫೀಲ್ಡಿನ ರೈಲು ಹತ್ತಿದೆವು.

ಆ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಪಕ್ಕದವನ ಊರು ಯಾವುದು, ಮಕ್ಕಳೆಷ್ಟು, ಮಗಳಿಗೆ ಗಂಡು ನೋಡುತ್ತಿದ್ದಾನೆಯೇ, ಒಂದನ್ನೂ ಕೇಳದೆ ಎರಡು ತಾಸು ಕುಳಿತಿರುತ್ತಾರೆ. ಹುಬ್ಬಳ್ಳಿಯಿಂದ ಹಾವೇರಿಗೆ ಬರುವಷ್ಟರಲ್ಲಿ ನಮ್ಮವರು ಬೀಗರೇ ಆಗಿರುತ್ತಾರೆ. ಈ ಮೌನದ ನಡುವೆ ಬಸಣ್ಣೆಪ್ಪ ಗಂಟು ಬಿಚ್ಚಿ ಖಡಕ್ ರೊಟ್ಟಿ ಮುರಿದರು. ಅದರ ಸಪ್ಪಳಕ್ಕೆ ಇಡೀ ಡಬ್ಬಿಯೇ ತಲೆ ಎತ್ತಿತು. ಒಬ್ಬ ಮುದುಕ ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಗಾಜು ಒಡೆಯಿತೇ ಎಂದು ಪರೀಕ್ಷಿಸಿದ. ಮುಂದೆ ಸುರಂಗ ಬಂದಾಗಷ್ಟೇ ರೊಟ್ಟಿ ಮುರಿದೆವು. ಸುರಂಗಗಳು ಸಾಲದೆ ಒಂದೂವರೆ ರೊಟ್ಟಿ ಉಳಿಯಿತು.

ಶೆಫೀಲ್ಡ್

ಉಕ್ಕಿನ ಊರೆಂದರೆ ಹೊಗೆ, ಬೆಂಕಿ, ಸುತ್ತಿಗೆಯ ಸದ್ದು ಇರುತ್ತದೆ ಎಂದುಕೊಂಡಿದ್ದೆ. ಊರು ತೊಳೆದಿಟ್ಟಂತಿತ್ತು. ಹಳೆಯ ಕಾರ್ಖಾನೆಗಳಲ್ಲಿ ಕಾಫಿ ಅಂಗಡಿ, ವ್ಯಾಯಾಮ ಶಾಲೆ. ಜನ ಅಲ್ಲಿ ಬೆವರಿಳಿಸಲು ಈಗ ತಾವೇ ಹಣ ಕೊಡುತ್ತಾರೆ. ನಿಲ್ದಾಣದ ಹೊರಗೆ ದೊಡ್ಡ ಉಕ್ಕಿನ ಗೋಡೆಯ ಮೇಲಿಂದ ನೀರು ಇಳಿಯುತ್ತಿತ್ತು. ಬಸಣ್ಣೆಪ್ಪ ಜೇಬಿಗೆ ಕೈ ಹಾಕಿದರು. ಪೊಲೀಸರು ಬಂದಾರು ಎಂದು ಎಳೆದುಕೊಂಡು ಹೋದೆ.

ಕೇಳುತ್ತ ಕೇಳುತ್ತ ಒಂದು ಇಳಿಜಾರಿನ ಓಣಿಯಲ್ಲಿ, ನಿವೃತ್ತ ಕೆಲಸಗಾರರೇ ನಡೆಸುವ ಸಣ್ಣ ಪ್ರದರ್ಶನದ ಕೋಣೆ ಸಿಕ್ಕಿತು. ಹಳೆಯ ಯಂತ್ರಗಳು, ಚಾಕು, ಚಮಚ, ಕತ್ತರಿ. ನೋಡಿಕೊಳ್ಳುತ್ತಿದ್ದವಳು ಡೋರಿಸ್ ಎಂಬ ಅಜ್ಜಿ, ಎಂಬತ್ತು ದಾಟಿದವಳು. ಗುರುತು ಪರಿಚಯವಿಲ್ಲದ ನಮ್ಮಿಬ್ಬರನ್ನೂ ಬಾಯಿ ತುಂಬ ಮುದ್ದಿನ ಹೆಸರಿಟ್ಟು ಕರೆದಳು. ಬಸಣ್ಣೆಪ್ಪ ನಾಚಿಕೊಂಡರು. ಆಮೇಲೆ ತಿಳಿಯಿತು, ಆ ಊರಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ಕಾಯಿಪಲ್ಲೆ ಮಾರುವವಳು ಗಿರಾಕಿಗೆ ತಮ್ಮಾ, ಯಪ್ಪಾ ಅನ್ನುವ ಹಾಗೆ. ಆಕೆ ಆಡಿದ್ದು ಇಂಗ್ಲಿಷೇ, ಆದರೆ ಅರ್ಧ ಶಬ್ದ ನುಂಗಿ ಆಡುವ ಆ ಮಾತು ನನ್ನ ಕಿವಿಗೆ ಸವಣೂರಿನ ಮಾತಾಗಿಯೇ ಬಿತ್ತು. ಹಾಗೆಯೇ ಬರೆಯುತ್ತೇನೆ.

ನಾನು ಮೊದಲು ಕೇಳಿದ್ದೇ ಅದನ್ನು. "ಸ್ಟೀಲ್ ಕಂಡುಹಿಡಿದಾಂವ ಎಂಥಾ ಮನಷ್ಯಾ ಇದ್ದ?"

"ಎಲ್ಲಾರೂ ಯಾವಾಗ ಮಾಡಿದ ಅಂತ ಕೇಳ್ತಾರ. ಎಂಥಾಂವ ಅಂತ ನೀನ ಮೊದಲ ಕೇಳಿದಾಂವ ತಮ್ಮಾ. ಕುಂಡ್ರು."

ಆಕೆ ಹೇಳಿದ ಕಥೆ ಇದು. ಅವನ ಅಪ್ಪ ಕುಲುಮೆಯಲ್ಲಿ ದುಡಿಯುತ್ತಿದ್ದ ಬಡವ. ಅವನು ಶಾಲೆ ಬಿಟ್ಟು, ಉಕ್ಕು ಪರೀಕ್ಷಿಸುವ ಕೋಣೆಯಲ್ಲಿ ಬಾಟಲಿ ತೊಳೆಯಲು ಸೇರಿದ. ಅಲ್ಲೇ ಕಲಿತು ದೊಡ್ಡವನಾದ. ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಗುಂಡಿನ ಬಿಸಿಗೆ ಬಂದೂಕಿನ ನಳಿಕೆ ಸವೆಯುತ್ತದೆ, ಸವೆಯದ ಉಕ್ಕು ಹುಡುಕು ಎಂದು ಅವನಿಗೆ ಕೆಲಸ ಕೊಟ್ಟರು. ಅವನು ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡಿದ. ಉಕ್ಕಿನ ಒಳಗುಣ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಮೇಲ್ಮೈಯನ್ನು ಆಮ್ಲದಿಂದ ಸ್ವಲ್ಪ ತಿನ್ನಿಸಬೇಕು. ಈ ಉಕ್ಕನ್ನು ಆಮ್ಲ ತಿನ್ನಲೇ ಇಲ್ಲ. ಬೇರೆಯವರಾಗಿದ್ದರೆ ಕೆಟ್ಟ ಮಾಲು ಎಂದು ಎಸೆಯುತ್ತಿದ್ದರು. ಇವನು, ಆಮ್ಲಕ್ಕೇ ಬಗ್ಗದ್ದು ಉಪ್ಪಿನಕಾಯಿಗೆ ಬಗ್ಗೀತೇ ಎಂದು ಊಟದ ಚಾಕುವಿನ ಯೋಚನೆ ಮಾಡಿದ.

"ಮಾಲಕರು ಭಾಳ ಖುಷಿ ಆಗಿರಬೇಕು?" ಎಂದೆ.

"ಖುಷಿ? ನಮಗ ಬಂದೂಕು ಬೇಕು, ಚಾಕು ಯಾರಿಗೆ ಬೇಕು ಅಂದ್ರು. ಚಾಕು ಮಾಡಾವರು ಕೈಯಾಗ ಹಿಡದು, ಇದು ಹರಿತ ಆಗೂದಿಲ್ಲ ಅಂತ ನಕ್ಕರು. ಕಡೀಕ ಒಬ್ಬಾಂವ ಹುಳಿ ಶಿರ್ಕಾದಾಗ ಅದ್ದಿ ನೋಡಿದ. ಕಲೆ ಬೀಳಲಿಲ್ಲ. ಆವಾಗ ಕಣ್ಣು ತೆರೀತು. ಕಣ್ಣು ತೆರದ ಮ್ಯಾಲ ಮಾಲಕರು, ಇದು ನಮ್ಮದು ಅಂದ್ರು. ಇವ, ನಂದು ಅಂದ. ಜಗಳಾಡಿ ಕೆಲಸಾ ಬಿಟ್ಟು ಹೋದ. ಹಟಮಾರಿ ಇದ್ದ ಅಂತಾರ. ಯಾರ ಮಾತೂ ಕೇಳ್ತಿದ್ದಿಲ್ಲಂತ."

ಅಬ್ಬಾ ನೆನಪಾದರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರೆ ಮೊದಲು ಯಾರು ಎದ್ದುಹೋಗುತ್ತಿದ್ದರೋ.

ಅಷ್ಟರಲ್ಲಿ ಬಸಣ್ಣೆಪ್ಪ ಕೂಗಿದರು. ಆ ಕಾಲದ ಒಂದು ಸ್ಟೇನ್‌ಲೆಸ್ ಚಾಕುವಿಗೆ ಅವರ ಅಯಸ್ಕಾಂತ ಟಕ್ಕನೆ ಅಂಟಿಕೊಂಡಿತ್ತು. "ಖಾಜಾಸಾಬ್ರ, ಡೂಪ್ಲಿಕೇಟ್ ಐತ್ರಿ ಇದು! ಮೊದಲನೇ ಸ್ಟೀಲ ಡೂಪ್ಲಿಕೇಟ್!"

ಡೋರಿಸ್ ಹೊಟ್ಟೆ ಹಿಡಿದು ನಕ್ಕಳು. ಚಾಕುವಿನ ಸ್ಟೀಲಿಗೆ ಅಯಸ್ಕಾಂತ ಅಂಟುವುದೇ ಸರಿಯಂತೆ. ಅಂಟದಿರುವುದು ಪಾತ್ರೆಯ ಸ್ಟೀಲು, ಅದರಲ್ಲಿ ನಿಕ್ಕಲ್ ಇರುತ್ತದೆ. ಅದರ ಮೂಲ ಜರ್ಮನಿಯಲ್ಲಿ, ಅದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಮೆರಿಕದವರೂ ತಾವೇ ಮೊದಲು ಅನ್ನುತ್ತಾರಂತೆ. ಬಸಣ್ಣೆಪ್ಪ ಅಯಸ್ಕಾಂತವನ್ನು ಜೇಬಿಗಿಟ್ಟುಕೊಂಡು ಮೆಲ್ಲಗೆ ಹೇಳಿದರು, "ಹಂಗಾರ ನಾವು ತಪ್ಪು ಊರಿಗೆ ಬಂದೇವ್ರಿ."

ಅಲ್ಲಿಯ ಚಾಕುಗಳ ಮೇಲೆ ಮಾಡಿದವರ ಹೆಸರಿನ ಮುದ್ರೆ ಇರುತ್ತದೆ. ನಮ್ಮ ಅಂಗಡಿಯಲ್ಲಿ ಪಾತ್ರೆ ಕೊಂಡವರು ಹೆಸರು ಕೊರೆಸುತ್ತಾರೆ, ಆದರೆ ಅದು ಉಡುಗೊರೆ ಕೊಟ್ಟವರ ಹೆಸರು. ಇಂಥ ಅತ್ತೆ, ಇಂಥ ಮಾವ, ಇಂಥವರ ಮದುವೆಗೆ. ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಅಬ್ಬಾನ ಹೆಸರಿದ್ದ ಪಾತ್ರೆಯನ್ನು ನಾನು ಒಂದನ್ನೂ ನೋಡಿಲ್ಲ. ಅಲ್ಲಿ ನಿಂತಾಗ ಇದು ಹೊಳೆದು, ಮನಸ್ಸು ಸಣ್ಣದಾಯಿತು.

ಡೋರಿಸ್‌ಳ ಕೈ

ನಿಮ್ಮ ಕೆಲಸ ಏನಿತ್ತು ಎಂದು ಕೇಳಿದೆ. ಹದಿನೈದನೆಯ ವಯಸ್ಸಿನಿಂದ ಚಮಚಗಳಿಗೆ ಹೊಳಪು ಕೊಡುತ್ತಿದ್ದೆ ಎಂದಳು. ತಿರುಗುವ ಚಕ್ರಕ್ಕೆ ಚಮಚ ಒತ್ತಿ ಹಿಡಿಯಬೇಕು. ಮೈಗೆ ಕಂದು ಕಾಗದ, ಕಾಲಿಗೆ ಹಳೆಯ ಪೇಪರು, ತಲೆಗೆ ಅರಿವೆ ಸುತ್ತಿಕೊಂಡರೂ ಸಂಜೆಗೆ ಮುಖ ಕರ್‍ರಗೆ. ನನ್ನ ಸೊಂಟಕ್ಕೆ ಹಂಡೆಯ ನೆನಪು ಬಂತು.

"ಮತ್ತ ಯಾಕ ನಿಂತಿತು?"

"ಹೊರಗಿನ ದೇಶದಿಂದ ಅಗ್ಗದ ಚಮಚ ಬಂದ್ವು. ನಮ್ಮನ್ನ ಯಾರು ಕೇಳ್ತಾರ? ನೀವಿಬ್ಬರೂ ಏನು ಮಾಡ್ತೀರಿ ತಮ್ಮಾ?"

ಬಸಣ್ಣೆಪ್ಪ ಯಂತ್ರ ನೋಡುವ ನೆಪದಲ್ಲಿ ಆಚೆ ಸರಿದರು. ಲೆಕ್ಕ ಕೇಳಲು ಬಂದವನ ಕಡೆಗೇ ಲೆಕ್ಕ ತಿರುಗಿತ್ತು. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿದೆ. ಚಮಚ ಮಾರುವುದು, ಅಬ್ಬಾನ ಕಸುಬು, ಮೂವತ್ತು ವರ್ಷ, ಅವರಿಟ್ಟ ಷರತ್ತು. ಲುಂಗಿ ಬಿಚ್ಚಿ ತಾಟನ್ನು ಆಕೆಯ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿ ಕಲಾಯಿಗೆ ಏನನ್ನುತ್ತಾರೋ ನನಗೆ ಬರಲಿಲ್ಲ. ನಮ್ಮಪ್ಪ ಪಾತ್ರೆ ಬೆಳಗುತ್ತಿದ್ದರು ಎಂದಷ್ಟೇ ಹೇಳಿದ್ದೆ.

ಆಕೆಯ ಕಣ್ಣು ತುಂಬಿದವು. "ನಿಮ್ಮಪ್ಪನ ತಾಟು ಇಂಥಾ ಸ್ಥಿತಿಯೊಳಗ ಕಳಸೂದಿಲ್ಲ ನಾನು" ಎಂದಳು. ಹಿರಿಯರು ಪ್ರೀತಿಯಿಂದ ಏನಾದರೂ ಮಾಡಿಕೊಡುತ್ತೇನೆಂದರೆ ನಮ್ಮ ಕಡೆ ಬೇಡ ಅನ್ನುವ ಪದ್ಧತಿಯಿಲ್ಲ. ಅರಿವೆಯಿಂದ ಒರೆಸುತ್ತಾಳೆ ಎಂದುಕೊಂಡು ಸುಮ್ಮನೆ ನಿಂತೆ. ಆಕೆ ಹೊಳಪು ಕೊಡುವ ಚಕ್ರದ ಯಂತ್ರ ಚಾಲೂ ಮಾಡಿದಳು.

ಕೈ ಅಲುಗದೆ, ತಾಟನ್ನು ಅಂಚಿನಿಂದ ನಡುವಿಗೆ ತಿರುಗಿಸುತ್ತ, ಮಗುವಿಗೆ ಎಣ್ಣೆ ಹಚ್ಚುವಂತೆ ಬೆಳಗಿದಳು. ನಾನು ಕೂಗಿದ್ದು ಯಂತ್ರದ ಸದ್ದಿನಲ್ಲಿ ಕೇಳಲಿಲ್ಲ. ಕೇಳಿದ್ದರೂ ತಡವಾಗಿತ್ತು. ಅಬ್ಬಾ ತಮ್ಮ ಕೈಯಾರೆ ಕೊನೆಯ ಸಲ ಕೊಟ್ಟ ತವರ, ಉಳಿದಿದ್ದಷ್ಟೂ, ಕೊಳೆ ಎಂದು ಹೊರಟುಹೋಯಿತು. ನನ್ನ ಕೈಗೆ ಬಂದದ್ದು ಸೂರ್ಯನಂತೆ ಹೊಳೆಯುವ ಬರೀ ತಾಮ್ರ.

"ನೋಡ್ಲಿ ನಿಮ್ಮಪ್ಪ" ಎಂದಳು, ಕೆನ್ನೆ ಕೆಂಪಾಗಿತ್ತು.

ನಾನು ಆಕೆಯ ಎರಡೂ ಕೈ ಹಿಡಿದು ಧನ್ಯವಾದ ಹೇಳಿದೆ. ಬೇರೆ ಏನು ಹೇಳಲಿ? ಬಸಣ್ಣೆಪ್ಪ ಉಳಿದ ಒಂದೂವರೆ ರೊಟ್ಟಿಯನ್ನು ಆಕೆಗೆ ಕೊಟ್ಟರು. ಮರಳುವ ರೈಲಿನಲ್ಲಿ ನಾವಿಬ್ಬರೂ ಇಂಗ್ಲಿಷರಿಗಿಂತ ಹೆಚ್ಚು ಮೌನವಾಗಿದ್ದೆವು.

ಮತ್ತೆ ಸವಣೂರು

ವಿಮಾನದಲ್ಲಿ ಮೂರು ಸುಳ್ಳು ತಯಾರು ಮಾಡಿಕೊಂಡಿದ್ದೆ. ತಾಟು ಕಳೆಯಿತು, ತಪಾಸಣೆಯವರು ಇಟ್ಟುಕೊಂಡರು, ವಸ್ತುಸಂಗ್ರಹಾಲಯಕ್ಕೆ ಕೊಟ್ಟೆ. ಅಬ್ಬಾನ ಮುಂದೆ ಒಂದೂ ಬಾಯಿಗೆ ಬರಲಿಲ್ಲ. ಲುಂಗಿ ಬಿಚ್ಚಿ ಮುಂದಿಟ್ಟು ತಲೆ ತಗ್ಗಿಸಿದೆ.

ಅಬ್ಬಾ ಬಹಳ ಹೊತ್ತು ಹೆಬ್ಬೆರಳಿನಿಂದ ತಾಟು ಸವರಿದರು. ಅಂಚಿನ ಕೆಳಗೆ, ಯಾರೂ ನೋಡದ ಮೂಲೆಯಲ್ಲೂ ಸವರಿದರು.

"ಯಾರು ಮಾಡ್ಯಾರ ಇದನ್ನ?"

"ಒಬ್ಬಾಕಿ ಅಜ್ಜಿ. ಚಮಚಾ ಬೆಳಗತಿದ್ದಳಂತ. ಅಕೀಗೆ ಗೊತ್ತಿರಲಿಲ್ಲ ಅಬ್ಬಾ."

"ಗೊತ್ತಿಲ್ಲದ ಮಾಡ್ಯಾಳೇನು! ಒಂದು ಗೆರಿ ಬಿಟ್ಟಿಲ್ಲ. ನೀ ಹಂಡ್ಯಾಗ ಕುಣೀವಾಗ ಅರ್ಧಾ ಬಿಡ್ತಿದ್ದಿ. ಇದು ಕಲಾಯಿದು ಅರ್ಧಾ ಕೆಲಸ. ಉಳದದ್ದು ನೀ ಮಾಡು. ಒಲಿ ಹಚ್ಚು."

"ನಾನ?"

"ಮತ್ತ ನನ್ನ ಕೈ ನಡಗ್ತಾವು, ಯಾರು ಮಾಡ್ಬೇಕು? ಜರ್ಮನಿಯಂವ?"

ಬಸಣ್ಣೆಪ್ಪ ಫೋನಿನಲ್ಲಿ ಜರ್ಮನಿಯ ಸುದ್ದಿಯನ್ನು ಮೊದಲೇ ಹೇಳಿಬಿಟ್ಟಿದ್ದರು.

ಅಂಗಡಿಯ ಹಿಂದೆ ತಗ್ಗು ತೋಡಿ ಇದ್ದಿಲು ಹಾಕಿದೆ. ಗಾಳಿ ಊದುವ ತಿದಿಯ ಚರ್ಮವನ್ನು ಇಲಿ ತಿಂದಿತ್ತು. ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಹಾಕಿದೆ. ಇದ್ದಿಲು ಕೆಂಪಾಗುವವರೆಗೆ ಶೆಫೀಲ್ಡಿನವನ ಕಥೆ ಹೇಳಿದೆ. ಬಾಟಲಿ ತೊಳೆದದ್ದು, ಜನ ನಕ್ಕಿದ್ದು, ಮಾಲಕರ ಜಗಳ.

"ಕಡೀಕ ಅವಂಗ ಏನು ಸಿಕ್ತು?"

"ಹೆಸರು ಸಿಕ್ತು. ಕೆಲಸ ಹೋತು."

"ಹೆಸರರೆ ಸಿಕ್ತಲ್ಲ" ಎಂದು ಅಬ್ಬಾ ಬೆಂಕಿಯನ್ನೇ ನೋಡಿದರು. "ಮತ್ತ ಆ ಜರ್ಮನಿಯಂವ ಹೆಂಗಿದ್ದ?"

"ಗೊತ್ತಿಲ್ಲ."

"ಹಂಗಾರ ತಾಟಿನ ಮಾತು ಇನ್ನೂ ಮುಗದಿಲ್ಲ. ನವಸಾಗರ ಹಾಕು. ಇಷ್ಟಲ್ಲೋ, ಉಪ್ಪಿಟ್ಟಿಗೆ ಹಾಕಾಕತ್ತೀಯೇನು? ತವರ ಮುಟ್ಟಸು. ಸವರು. ಸವರೋ!"

ಹೊಗೆ ಕಣ್ಣಿಗೆ ಹೋಯಿತು, ಅರಳೆ ಹೊತ್ತಿತು, ಬೆರಳು ಸುಟ್ಟಿತು. ನೀರಲ್ಲಿ ಅದ್ದಿ ತೆಗೆದಾಗ ತಾಟು ಒಂದು ಕಡೆ ಗಂಟುಗಂಟಾಗಿ ಬೆಳ್ಳಗೆ, ಇನ್ನೊಂದು ಕಡೆ ಕೆಂಪಗೆ. ಅಬ್ಬಾ ಬಿಸಿಲಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಜೀವಮಾನದಲ್ಲಿ ಇಂಥ ಕೆಟ್ಟ ಕಲಾಯಿಯನ್ನು ಅವರು ನೋಡಿರಲಿಕ್ಕಿಲ್ಲ.

"ಇದರಾಗ ಉಣ್ಣೂದಕಿಂತ ನಿನ್ನ ಸ್ಟೀಲ ಎಷ್ಟೋ ಪಾಡ. ಹೋಗು, ಒಂದು ತಾಟು ತಾ."

ನಾನು ಅಂಗಡಿಯೊಳಗೆ ಹೋದೆ. ಮೂವತ್ತು ವರ್ಷ ಸಾವಿರಾರು ಗಿರಾಕಿಗಳಿಗೆ ಕಣ್ಣುಮುಚ್ಚಿ ತಾಟು ತೆಗೆದುಕೊಟ್ಟವನಿಗೆ ಅವತ್ತು ಒಂದನ್ನು ಆರಿಸಲು ಆಗಲಿಲ್ಲ. ನಾಲ್ಕು ತೆಗೆದೆ, ನಾಲ್ಕೂ ಕೈಯಿಂದ ಜಾರಿ ಬಿದ್ದವು. ಹೊರಗಿನಿಂದ ಅಬ್ಬಾ, "ಸಪ್ಪಳ ಏನೋ ಚಲೋ ಐತಿ" ಎಂದರು.

ಮಧ್ಯಾಹ್ನ ಹೆಂಡತಿ ರೊಟ್ಟಿ, ಅನ್ನ, ಹುಣಸೆಹುಳಿಯ ಸಾರು ಮಾಡಿದ್ದಳು. ಅಬ್ಬಾ ಸ್ಟೀಲ್ ತಾಟನ್ನು ಮುಂದೆ ಎಳೆದುಕೊಂಡು, ತಾಮ್ರದ್ದನ್ನು ನನ್ನ ಕಡೆ ತಳ್ಳಿದರು. "ಮಾಡಿದಾಂವ ಉಣ್ಣಬೇಕು. ಆವಾಗ ಕೆಲಸ ಬರ್ತೈತಿ." ನಾನು ಎದುರಿಗೆ ಕುಳಿತೆ. ಅವರು ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ನನಗೆ ನೋಡಲಾಗಲಿಲ್ಲ, ತಲೆ ಬಗ್ಗಿಸಿದೆ. ಹೆಂಡತಿ ಸಾರಿನ ಸೌಟು ಹಿಡಿದು ನನ್ನ ತಾಟಿನ ಹತ್ತಿರ ಬಂದಳು. ಅಬ್ಬಾ ನಡುಗುವ ಕೈಯನ್ನು ನನ್ನ ತಾಟಿಗೆ ಅಡ್ಡ ಹಿಡಿದರು.

"ಅವಂಗ ಹುಳಿ ಹಾಕಬ್ಯಾಡವಾ. ಇನ್ನೂ ಕೆಂಪ ಕಾಣಾಕತ್ತೈತಿ. ಬರೇ ರೊಟ್ಟಿ ನೀಡು."